ಬಾಡಿಗೆಗೆ ಕೊಡಲು ಮನೆಗಿಂತ ಮಳಿಗೆ ಕೊಂಡರೆ ದುಪ್ಪಟ್ಟು ಲಾಭವೇ?

ಹೇಳಿಕೆ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಬ್ಬರಿ ಹಣ ಕೈಗೆ ಬಂದಾಗ ಸಿಗುವ ಸಲಹೆ ಇದು: ‘ಮನೆ ಬೇಡ, ಮಳಿಗೆ ತಗೊಳ್ಳಿ, ಬಾಡಿಗೆ ಡಬಲ್.’

ವಾಸ್ತವ: ಇದು ಅರ್ಧ ಸತ್ಯ.

ಲೆಕ್ಕ ಹೀಗೆ ಹಾಕಿ: 40 ಲಕ್ಷ ರೂ. ಮನೆಗೆ ತಿಂಗಳಿಗೆ 10,000 ರೂ. ಬಾಡಿಗೆ ಬಂದರೆ ವರ್ಷಕ್ಕೆ 1.2 ಲಕ್ಷ, ಅಂದರೆ ಶೇ 3. ಅದೇ ಬೆಲೆಯ ಮಳಿಗೆಗೆ 20,000 ರೂ. ಬಂದರೆ ಶೇ 6. ಆದರೆ ಮಳಿಗೆ ನಾಲ್ಕು ತಿಂಗಳು ಖಾಲಿ ಬಿದ್ದರೆ ಅದು ಶೇ 4ಕ್ಕೆ ಇಳಿಯುತ್ತದೆ.

ಇಲ್ಲಿನ ಅಂಗಡಿ ವ್ಯಾಪಾರ ಕೊಬ್ಬರಿ ಧಾರಣೆಯನ್ನು ನೆಚ್ಚಿಕೊಂಡಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂ. ಇದ್ದರೂ ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗಿಳಿದಿತ್ತು. ನಿಮ್ಮದು ತೋಟವೂ ಇದ್ದರೆ, ಧಾರಣೆ ಬಿದ್ದಾಗ ತೋಟದ ಆದಾಯ, ಮಳಿಗೆ ಬಾಡಿಗೆ ಎರಡಕ್ಕೂ ಒಟ್ಟಿಗೇ ಪೆಟ್ಟು ಬೀಳಬಹುದು. ಮನೆ ಬಾಡಿಗೆ ಕಡಿಮೆಯಾದರೂ, ನೌಕರರು, ಶಿಕ್ಷಕರಂಥ ಸಂಬಳದಾರರು ಬಾಡಿಗೆಗಿದ್ದರೆ ಅಷ್ಟು ಏರಿಳಿತ ಇರುವುದಿಲ್ಲ.

ದೀರ್ಘಾವಧಿಗೆ ಬೆಲೆ ಏರುವುದು ಮುಖ್ಯವಾಗಿ ನೆಲಕ್ಕೆ. ಕಟ್ಟಡ ಹಳೆಯದಾಗುತ್ತಾ ಹೋಗುತ್ತದೆ. ಫ್ಲ್ಯಾಟಿನಲ್ಲಿ ನೆಲದ ಪಾಲು ಚಿಕ್ಕದು, ಸ್ವಂತ ನಿವೇಶನದ ಮನೆಯಲ್ಲಿ ಪೂರ್ತಿ ನಿಮ್ಮದೇ.

ಕೊಳ್ಳುವ ಮುನ್ನ:
• ಭೂ ಪರಿವರ್ತನೆ ಆದೇಶ, ಇ-ಖಾತೆ, ಋಣಭಾರ ಪತ್ರ (ಇ.ಸಿ.) ನೋಡಿ.
• ಖಾತೆ ತೆರಿಗೆ ದಾಖಲೆಯಷ್ಟೇ, ಮಾಲೀಕತ್ವದ ಪುರಾವೆಯಲ್ಲ. ಕ್ರಯಪತ್ರ, ಮೂಲಪತ್ರಗಳನ್ನು ವಕೀಲರಿಗೆ ತೋರಿಸಿ.
• ಬಾಡಿಗೆ ಎಷ್ಟೆಂದು ಮಾರುವವರನ್ನಲ್ಲ, ಅಕ್ಕಪಕ್ಕದ ಬಾಡಿಗೆದಾರರನ್ನು ಕೇಳಿ.

ತೀರ್ಪು: ತೋಟವೇ ಆಧಾರವಾಗಿರುವ ಕುಟುಂಬಕ್ಕೆ ಸ್ವಂತ ನಿವೇಶನದ ಮನೆಯೇ ಹೆಚ್ಚು ಸುರಕ್ಷಿತ. ಕೆಲವು ತಿಂಗಳು ಬಾಡಿಗೆ ಬರದಿದ್ದರೂ ನಡೆಯುತ್ತದೆ ಎನ್ನುವವರಿಗೆ ಮಳಿಗೆ.