ಮನೆ ಬಿಯರ್: ಮೊದಲ ಮೂರು ದಿನಗಳ ಬಿಸಿ

ಮನೆಯಲ್ಲಿ ಬಿಯರ್ ಮಾಡಲು ಹೊರಟ ಹೊಸಬರಿಗೆ ಈಗ ಧಾರಾಳವಾಗಿ ಸಿಗುವ ಸಲಹೆಯೊಂದಿದೆ: ಇವತ್ತಿನ ಯೀಸ್ಟಿಗೆ ತಾಪಮಾನದ ಹಂಗಿಲ್ಲ. ನಾರ್ವೆಯ ಕ್ವೈಕ್ ಯೀಸ್ಟಿನ ಸುದ್ದಿಯನ್ನೂ ಒಂದಿಷ್ಟು ರುಚಿಪರೀಕ್ಷೆಗಳ ಫಲಿತಾಂಶವನ್ನೂ ಅರ್ಧಂಬರ್ಧ ಓದಿಕೊಂಡವರು ಹಬ್ಬಿಸಿದ ಮಾತಿದು. ಈ ವಿಷಯದ ತಿಳಿವಳಿಕೆ ಬೆಳೆದು ಬಂದ ದಾರಿಯನ್ನು ನೋಡಿದವರು ಇದನ್ನು ಒಪ್ಪಲಾರರು.

ಹಳೆಯ ಕಥೆಯನ್ನು ಬೇಗ ಮುಗಿಸಬಹುದು. ಬವೇರಿಯಾದಲ್ಲಿ 1553ರಲ್ಲೇ ಬೇಸಿಗೆಯ ತಿಂಗಳುಗಳಲ್ಲಿ ಬಿಯರ್ ತಯಾರಿಕೆಗೆ ನಿಷೇಧ ಹಾಕಿದ್ದರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೀತಕ ಯಂತ್ರ ಮ್ಯೂನಿಕ್ಕಿನ ಶ್ಪಾಟನ್ ಬಿಯರ್ ಕಾರ್ಖಾನೆಗೆ ಬಂತು. 1883ರಲ್ಲಿ ಕಾರ್ಲ್ಸ್‌ಬರ್ಗ್‌ನ ಎಮಿಲ್ ಹ್ಯಾನ್ಸನ್ ಶುದ್ಧ ಯೀಸ್ಟನ್ನು ಬೇರ್ಪಡಿಸಿದ. ಇದೆಲ್ಲ ಕಾರ್ಖಾನೆಗಳ ಚರಿತ್ರೆ. ಮನೆಯವರದು ಶುರುವಾಗುವುದು ಬ್ರಿಟನ್ 1963ರಲ್ಲಿ ಪರವಾನಗಿಯ ಕಟ್ಟು ಸಡಿಲಿಸಿದಾಗ, ಅಮೆರಿಕದಲ್ಲಿ 1978ರಲ್ಲಿ ಮನೆ ಬಿಯರಿಗೆ ಅನುಮತಿ ಕೊಡುವ ಕಾಯ್ದೆಗೆ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದಾಗ. (ಕರ್ನಾಟಕದಲ್ಲಿ ಪರವಾನಗಿಯಿಲ್ಲದ ತಯಾರಿಕೆ ಅಬಕಾರಿ ಕಾಯ್ದೆಯಡಿ ಇಂದಿಗೂ ಅಪರಾಧ, ಇಲ್ಲಿನ ಮಾತು ಅನುಮತಿಯಿರುವ ದೇಶಗಳಲ್ಲಿ ನೆಲೆಸಿರುವವರಿಗೆ.) 1974ರ ಡೇವ್ ಲೈನ್, 1984ರ ಚಾರ್ಲಿ ಪಪೇಜಿಯನ್ ಪುಸ್ತಕಗಳು ಹೊಸಬರ ಭಯ ಬಿಡಿಸಿದವು. ಆ ಉಪಕಾರ ದೊಡ್ಡದು. ಆದರೂ ಆಗಿನವರ ಗಮನವೆಲ್ಲ ಕುದಿಸುವ ಪಾತ್ರೆಯ ಮೇಲೆ. ಹುದುಗುವ ಬಕೆಟ್ಟು ಮನೆಯ ಯಾವುದೋ ಮೂಲೆ ಸೇರುತ್ತಿತ್ತು.

ಆ ಬಕೆಟ್ಟಿನೊಳಗೆ ಇಣುಕಿದ್ದು ನಮ್ಮ ತಲೆಮಾರು. 2000ದ ಹೊತ್ತಿಗೆ ಜಾನ್ ಪಾಮರ್ ತಮ್ಮ 'ಹೌ ಟು ಬ್ರೂ'ವನ್ನು ಉಚಿತವಾಗಿ ಓದಲು ಕೊಟ್ಟರು. 2010ರಲ್ಲಿ ಕ್ರಿಸ್ ವೈಟ್ ಮತ್ತು ಜಮೀಲ್ ಝೈನಶೆಫ್ ಅವರ 'ಯೀಸ್ಟ್' ಬಂತು. ಹೊಸಬರು ಒಂದೇ ಪುಸ್ತಕ ಕೊಳ್ಳುವುದಾದರೆ ಇದನ್ನೇ ಕೊಳ್ಳಲಿ. ಬಕೆಟ್ಟಿನೊಳಗೆ ನಡೆಯುವುದು ಇದು: ಸಕ್ಕರೆ ತಿನ್ನುವ ಯೀಸ್ಟ್ ತಾನೇ ಶಾಖ ಬಿಡುತ್ತದೆ. 20 ಲೀಟರಿನ ಬಕೆಟ್ಟು ಹುದುಗುವಿಕೆಯ ಭರದಲ್ಲಿ ಕೋಣೆಗಿಂತ 3ರಿಂದ 5 ಡಿಗ್ರಿ ಹೆಚ್ಚು ಬೆಚ್ಚಗಿರುತ್ತದೆ. ಹಾಗಾಗಿ ಗೋಡೆಯ ಥರ್ಮಾಮೀಟರ್ 22 ತೋರಿಸುವಾಗ ಒಳಗೆ 26 ಇರಬಹುದು. ಸಾಮಾನ್ಯ ಏಲ್ ಯೀಸ್ಟಿಗೆ ಹಿತವಾದದ್ದು 18ರಿಂದ 20. ಅದು ಮೀರಿದರೆ ಬಾಳೆಹಣ್ಣಿನ ವಾಸನೆಯ ಎಸ್ಟರುಗಳು, ಗಂಟಲು ಸುಡುವ ಫ್ಯೂಸೆಲ್ ಆಲ್ಕೊಹಾಲುಗಳು ಹೆಚ್ಚುತ್ತವೆ. ಇವುಗಳಲ್ಲಿ ಬಹುಪಾಲು ಹುಟ್ಟುವುದು ಯೀಸ್ಟ್ ಬೆಳೆಯುವ ಮೊದಲ ಮೂರು ದಿನಗಳಲ್ಲೇ. ಆಮೇಲೆ ಎಷ್ಟು ತಂಪಾಗಿಸಿದರೂ ಅವು ಹೋಗವು. ಕೊನೆಯಲ್ಲಿ ಮಾತ್ರ ಒಂದೆರಡು ಡಿಗ್ರಿ ಏರಿಸಬೇಕು: ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲನ್ನು ಆಗ ಯೀಸ್ಟೇ ಹೀರಿಕೊಳ್ಳುತ್ತದೆ. ಸುಮ್ಮನೆ ಬಿಟ್ಟ ಬಕೆಟ್ಟಿನಲ್ಲಿ ಆಗುವುದು ತಿರುವುಮುರುವು: ಮೊದಲು ಕಾಯುತ್ತದೆ, ಕೊನೆಗೆ ತಣ್ಣಗಾಗುತ್ತದೆ.

ಹಳೆಯ ಫ್ರಿಜ್ಜಿಗೆ ತಾಪಮಾನದ ಕಂಟ್ರೋಲರ್ ಜೋಡಿಸಿ, ಸೆನ್ಸರನ್ನು ಬಕೆಟ್ಟಿನ ಮೈಗೆ ಅಂಟಿಸಿ ಮೇಲೆ ಸ್ಪಂಜು ಮುಚ್ಚುವುದು ಒಳ್ಳೆಯ ಉಪಾಯ. ದುಡ್ಡಿಲ್ಲದವರು ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು ದಿನಕ್ಕೆರಡು ಸಲ ಹೆಪ್ಪುಗಟ್ಟಿದ ಬಾಟಲಿ ಹಾಕಲಿ. ಅಷ್ಟು ನೀರು ಸುತ್ತ ಇದ್ದರೆ ಏರಿಳಿತ ತಾನಾಗಿ ತಗ್ಗುತ್ತದೆ. ಮೂರು ದಿನ ಇಷ್ಟು ಮಾಡಿದರೂ ಬಿಯರಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಇನ್ನು ಕ್ವೈಕ್. ಲಾರ್ಸ್ ಮಾರಿಯಸ್ ಗಾರ್ಶೋಲ್ ನಾರ್ವೆಯ ಹಳ್ಳಿಮನೆಗಳಿಂದ ಇದನ್ನು ಜಗತ್ತಿಗೆ ಪರಿಚಯಿಸಿದ್ದು ಮೆಚ್ಚಬೇಕಾದ ಕೆಲಸ. ಇದು ತನ್ನದೇ ವಂಶದ, ಮನುಷ್ಯರು ಪಳಗಿಸಿದ ಯೀಸ್ಟ್ ಎಂದು 2018ರ ಅಧ್ಯಯನವೊಂದು ತೋರಿಸಿತು. ನಾರ್ವೆಯ ವೋಸ್ ಪ್ರದೇಶದ ತಳಿ 35ರಿಂದ 40 ಡಿಗ್ರಿಯಲ್ಲಿ ಚುರುಕು; ತಂಪಿನ ಕೋಣೆಯಲ್ಲಿ ಅದೇ ತಳಿ ಮಂದವಾಗುತ್ತದೆ. ಅದಕ್ಕೂ ತಾಪಮಾನ ಬೇಕು, ಬೇಕಾದ ಅಂಕಿ ಬೇರೆ, ಅಷ್ಟೆ.

ರುಚಿಪರೀಕ್ಷೆಗಳದೂ ಇದೇ ಪಾಡು. ಬೆಚ್ಚಗೆ ಹುದುಗಿದ್ದು ಯಾವುದು, ತಂಪಾಗಿ ಹುದುಗಿದ್ದು ಯಾವುದು ಎಂದು ಕುಡಿದವರಿಗೆ ಎಷ್ಟೋ ಸಲ ಗೊತ್ತಾಗಲಿಲ್ಲ, ನಿಜ. ಆದರೆ ಅಲ್ಲಿ ಸಾಮಾನ್ಯವಾಗಿ ಎರಡು ಬಕೆಟ್ಟುಗಳೂ ಕಂಟ್ರೋಲರಿನ ಕಾವಲಿನಲ್ಲಿ, ಸಾಕಷ್ಟು ಯೀಸ್ಟಿನೊಂದಿಗೆ, ಸ್ಥಿರವಾಗಿ ನಿಂತಿದ್ದವು. ಹಗಲು ಕಾದು ರಾತ್ರಿ ಆರುವ ಬಾಡಿಗೆ ಮನೆಯ ಬಕೆಟ್ಟು ಅಂಥ ಪರೀಕ್ಷೆಗೆ ಬರುವುದೇ ಅಪರೂಪ. ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ: ಬಕೆಟ್ಟನ್ನು ತಂಪಾಗಿಸಲು ಒದ್ದೆ ಬಟ್ಟೆ ಸುತ್ತುವ ಉಪಾಯ ಅರಿಜೋನದ ಒಣಗಾಳಿಯಲ್ಲಿ ಫಲಿಸುತ್ತದೆ, ಫ್ಲಾರಿಡಾದ ಸೆಕೆಯಲ್ಲಿ ಸೋಲುತ್ತದೆ. ಹೊಸಬರ ಕೈಪಿಡಿಗಳು ಈ ಭೇದವನ್ನು ಒಂದು ಸಾಲಿನಲ್ಲಾದರೂ ಹೇಳಬೇಕು. ಯೀಸ್ಟಿನ ಪೊಟ್ಟಣದ ಮೇಲೆ ಅಚ್ಚಾಗುವ ಅಗಲವಾದ ತಾಪಮಾನ ವ್ಯಾಪ್ತಿಯ ಪಕ್ಕದಲ್ಲೂ ಇದು ದ್ರವದ ತಾಪಮಾನ, ಕೋಣೆಯದ್ದಲ್ಲ ಎಂದು ಸ್ಪಷ್ಟವಾಗಿ ಬರೆದಿರಬೇಕು.