ಕಾಫಿ ಹೌಸ್: ಹರಟೆಗೊಂದು ಸೂರು

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರಿಗೆ ಮೇಳಿಗೆ ಜಾತ್ರೆಯ ಕಾಫಿ ನೆನಪಿರುತ್ತದೆ. ಹೆಂಡತಿ ಸತ್ತ ಸೂತಕ ಇನ್ನೂ ಕಳೆದಿಲ್ಲ. ಅಂಥ ಹೊತ್ತಿನಲ್ಲಿ ಪ್ರಾಣೇಶಾಚಾರ್ಯರು ದಾರಿಯಲ್ಲಿ ಜೊತೆಯಾದ ಪುಟ್ಟನೊಂದಿಗೆ ಜಾತ್ರೆಗೆ ಹೋಗುತ್ತಾರೆ, ಅಲ್ಲಿ ಕಾಫಿ ಕುಡಿಯುತ್ತಾರೆ. ಇಂದಿನ ಓದುಗರಿಗೆ ಇದು ಅಂಥ ದೊಡ್ಡ ಸಂಗತಿಯಾಗಿ ಕಾಣದು. ಆದರೆ ತೀರ್ಥಹಳ್ಳಿ ಸೀಮೆಯ ಮಡಿವಂತರಿಗೆ ಹೋಟೆಲಿನ ಒಂದು ಲೋಟ ಕಾಫಿ ಹಲವು ಪ್ರಶ್ನೆಗಳನ್ನು ಎಬ್ಬಿಸುತ್ತಿತ್ತು. ಮಾಡಿದವರು ಯಾರು? ಪಕ್ಕದಲ್ಲಿ ಕೂತವರು ಯಾರು? ಅದೇ ಲೋಟದಲ್ಲಿ ಮೊದಲು ಕುಡಿದವರು ಯಾರು? ಹಳೆಯ ಮೈಸೂರಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆಯೇ ಜಾಗವಿತ್ತು. ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ.

1965ರಲ್ಲಿ ಪ್ರಕಟವಾದ ಈ ಕಾದಂಬರಿಯ ಲೇಖಕರು ಹುಟ್ಟಿದ್ದು ಅದೇ ಮೇಳಿಗೆಯಲ್ಲಿ. ಅವರು ಮಾತು ಕಲಿತದ್ದು ಮಾತ್ರ ಇನ್ನೊಂದು ಕಾಫಿಯ ಮುಂದೆ, ಮೈಸೂರಿನ ಕಾಫಿ ಹೌಸಿನಲ್ಲಿ ಎಂದರೆ ತಪ್ಪಾಗಲಾರದು.

ಐವತ್ತರ ದಶಕದ ಮೈಸೂರು ಮಲೆನಾಡಿನ ಹುಡುಗರಿಗೆ ಓದಿನ ಊರು. 1940ರ ಹೊತ್ತಿಗೆ ತಾಳಗುಪ್ಪದವರೆಗೆ ಬಂದಿದ್ದ ಮೀಟರ್ ಗೇಜ್ ಹಳಿ ಸಾಗರ ಸೀಮೆಯವರಿಗೆ ಹೊರಗಿನ ದಾರಿಯನ್ನು ಹತ್ತಿರ ಮಾಡಿತ್ತು. ತೀರ್ಥಹಳ್ಳಿಯವರಿಗೆ ಶಿವಮೊಗ್ಗದವರೆಗೆ ಬಸ್ಸೇ ಗತಿ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಕೂಡ ಓದಿದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲೇ. ಆಗ ಊರಿನ ವಿದ್ಯಾರ್ಥಿನಿಲಯಗಳು ಬಹುಮಟ್ಟಿಗೆ ಜಾತಿವಾರು ಇದ್ದವು. ಬಡ ಹುಡುಗರಿಗೆ ಅನ್ನ, ಆಸರೆ ಕೊಟ್ಟು ಓದಿಸಿದ ದೊಡ್ಡ ಕೆಲಸ ಅವುಗಳದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೇರೆ ಬೇರೆ ನಿಲಯಗಳ ಹುಡುಗರು, ಅವರ ಮೇಷ್ಟ್ರುಗಳು ಒಂದೇ ಮೇಜಿನ ಸುತ್ತ ಕೂತು ಜಗಳವಾಡಲು ಇನ್ನೊಂದು ಜಾಗ ಬೇಕಿತ್ತು. ಆ ಜಾಗ ಕಾಫಿ ಹೌಸ್ ಆಯಿತು.

ಅಲ್ಲಿನ ಸಂಜೆಯ ಕೂಟದಲ್ಲಿ ಹಿರಿಯರೆಂದರೆ ಸೇಂಟ್ ಫಿಲೋಮಿನಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಗೋಪಾಲಕೃಷ್ಣ ಅಡಿಗರು. ಅವರ ‘ಚಂಡೆಮದ್ದಳೆ’ ಬಂದದ್ದು 1954ರಲ್ಲಿ. ನವ್ಯ ಕಾವ್ಯ ಯಾಕೆ, ಲೋಹಿಯಾ ಹೇಳುವುದು ಸರಿಯೇ ಎಂಬ ವಾಗ್ವಾದಗಳು ತರಗತಿಗಿಂತ ಈ ಮೇಜಿನ ಸುತ್ತ ಬಿಸಿಯಾಗಿದ್ದವು. ಒಂದು ಕಾಫಿಗೆ ಎಷ್ಟು ಹೊತ್ತು ಕೂತರೂ ಎಬ್ಬಿಸದಿರುವುದು ಕಾಫಿ ಹೌಸುಗಳ ಖ್ಯಾತಿ. ಅಲ್ಲಿ ಎಲ್ಲರೂ ಇದ್ದರೆಂದು ಹೇಳುವಂತಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವರೇ ಕಡಿಮೆ, ಆ ಮೇಜುಗಳಲ್ಲಿ ಹೆಂಗಸರು ಇನ್ನೂ ಕಡಿಮೆ.

ಈ ಹರಟೆಯ ಮನೆಗಳನ್ನು ಕಟ್ಟಿದ್ದು ಸಾಹಿತ್ಯಕ್ಕಾಗಿ ಅಲ್ಲ, ಕಾಫಿ ಬೀಜ ಮಾರುವುದಕ್ಕೆ. ಚಿಕ್ಕಮಗಳೂರು, ಕೊಡಗಿನ ಬೆಳೆ ಹೊರದೇಶದ ಗಿರಾಕಿಯನ್ನು ನಂಬಿತ್ತು. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಬೆಲೆ ಬಿತ್ತು. 1935ರ ಕಾನೂನಿನಂತೆ ಹುಟ್ಟಿದ ಕಾಫಿ ಸೆಸ್ ಸಮಿತಿ, ಭಾರತೀಯರಿಗೇ ಕಾಫಿಯ ರುಚಿ ಹತ್ತಿಸಬೇಕೆಂದು 1936ರಲ್ಲಿ ಮುಂಬಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಮಹಾಯುದ್ಧ ಬಂದು ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಈ ಅಗತ್ಯ ಇನ್ನೂ ಹೆಚ್ಚಿತು. ಕಾಫಿ ಮಂಡಳಿಯ ಆಡಳಿತದಲ್ಲಿ ಊರೂರಿಗೆ ಕಾಫಿ ಹೌಸುಗಳು ಹಬ್ಬಿದವು.

ಐವತ್ತರ ದಶಕದ ನಡುವೆ ಮಂಡಳಿ ಅವುಗಳನ್ನು ಮುಚ್ಚಲು ಹೊರಟಿತು. ಕೆಲಸ ಕಳೆದುಕೊಳ್ಳುವವರು ರುಮಾಲು ಕಟ್ಟಿ ಕಾಫಿ ತಂದಿಡುತ್ತಿದ್ದ ಮಾಣಿಗಳು, ಅಡುಗೆಯವರು. ಕಣ್ಣೂರಿನ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಈ ಕಾರ್ಮಿಕರು ಸಹಕಾರ ಸಂಘ ಕಟ್ಟಿ, ತಾವೇ ನಡೆಸುತ್ತೇವೆಂದು ಮುಂದೆ ಬಂದರು. ಇಂಥ ಮೊದಲ ಸಂಘ 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಕಾಫಿ ಹೌಸಿನ ಬಗ್ಗೆ ಬಂದ ನೆನಪುಗಳಲ್ಲಿ ಮಾತಾಡಿದವರ ಹೆಸರುಗಳೇ ತುಂಬಿವೆ. ಮಾತಿನ ಸೂರನ್ನು ಉಳಿಸಿಕೊಂಡವರು ಕಾಫಿ ತಂದವರು ಎಂಬುದು ಅಲ್ಲಿ ಅಷ್ಟಾಗಿ ಕಾಣಸಿಗದು.

ಕಲ್ಕತ್ತೆಯಲ್ಲಿ ವಿದ್ಯಾರ್ಥಿಗಳ ಬೀಡೇ ಆಗಿದ್ದ ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್ 1876ರ ಹಳೆಯ ಆಲ್ಬರ್ಟ್ ಹಾಲ್‌ನಲ್ಲಿದೆ. 1958ರಲ್ಲಿ ಅದನ್ನು ಮುಚ್ಚಿದಾಗ ಪ್ರೆಸಿಡೆನ್ಸಿ ಕಾಲೇಜಿನ ಹಾಗೂ ವಿಶ್ವವಿದ್ಯಾಲಯದ ಅಧ್ಯಾಪಕರು ಮನವಿ ಸಲ್ಲಿಸಿದರು. ಅದೇ ವರ್ಷ ಬಾಗಿಲು ಮತ್ತೆ ತೆರೆಯಿತು. ಬೆಂಗಳೂರಿಗೆ ಆ ಅದೃಷ್ಟವಿರಲಿಲ್ಲ. ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್, ಸುಮಾರು ಅರ್ಧ ಶತಮಾನದ ಬಳಿಕ, 2009ರ ಏಪ್ರಿಲ್‌ನಲ್ಲಿ ಜಾಗ ಖಾಲಿ ಮಾಡಬೇಕಾಯಿತು. ಸಂಘ ಕಾರ್ಮಿಕರದೇ, ಕಟ್ಟಡ ಮಾತ್ರ ಅವರದಲ್ಲ. ಅದು ಚರ್ಚ್ ಸ್ಟ್ರೀಟಿಗೆ ಹೋಯಿತು. ಕಾಫಿ ಅದೇ ಆದರೂ ಹಳೆಯ ಗಿರಾಕಿಗಳಿಗೆ ಆ ಹಳೆಯ ಕಿಟಕಿ, ಆ ಬೀದಿ ಸಿಗಲಿಲ್ಲ.

ಮೈಸೂರಿನ ಆ ಹರಟೆಯ ಒಂದು ಎಳೆ ಮಲೆನಾಡಿಗೇ ಮರಳಿತು. 1964ರಿಂದ 1968ರವರೆಗೆ ಅಡಿಗರು ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಪಕ್ಕದ ಹೆಗ್ಗೋಡಿನಲ್ಲಿ ಸುಬ್ಬಣ್ಣ ಊರಿನ ಗೆಳೆಯರೊಡನೆ 1949ರಲ್ಲೇ ಆರಂಭವಾಗಿದ್ದ ನೀನಾಸಂ ಅನ್ನು ಬೆಳೆಸುತ್ತಿದ್ದರು. ಕಾಫಿ ಹೌಸ್ ಇಲ್ಲದ, ಅಡಿಕೆ ತೋಟಗಳ ನಡುವಿನ ಆ ಹಳ್ಳಿ ಬಾಡಿಗೆಯ ಗೊಡವೆಗೆ ಹೋಗಲಿಲ್ಲ. 1972ರಲ್ಲಿ ಸ್ವಂತ ರಂಗಮಂದಿರ ಕಟ್ಟಿ ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟಿತು. 1980ರಲ್ಲಿ ನಾಟಕ ಶಾಲೆಯೂ ಬಂತು. ತಾಳಗುಪ್ಪ–ಮೈಸೂರು ರೈಲಿಗೆ ಈಗ ಕುವೆಂಪು ಎಕ್ಸ್‌ಪ್ರೆಸ್ ಎಂದು ಹೆಸರು. ಹೆಗ್ಗೋಡಿಗೆ ಬರುವವರು ತಾಳಗುಪ್ಪಕ್ಕೆ ಮುಂಚೆ, ಸಾಗರದಲ್ಲಿ ಇಳಿದುಕೊಳ್ಳುತ್ತಾರೆ.