ದೇವಿಯನ್ನು ಓದಿದವರು

ಕನಕಪುರ ರಸ್ತೆಯ ಬನಶಂಕರಿ ಗುಡಿಯಲ್ಲಿ ಮಂಗಳವಾರ, ಶುಕ್ರವಾರ, ಭಾನುವಾರದ ರಾಹುಕಾಲಕ್ಕೆ ಕಾಲಿಡಲು ಜಾಗ ಸಿಗುವುದಿಲ್ಲ. ಮಿಕ್ಕೆಲ್ಲ ಶುಭಕಾರ್ಯಕ್ಕೆ ಬೇಡವಾದ ಹೊತ್ತು ಈ ತಾಯಿಗೆ ಪ್ರಶಸ್ತ. ನಿಂಬೆಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆ ಮಗುಚಿ, ಎಣ್ಣೆಬತ್ತಿ ಹಾಕಿ ದೀಪ ಹಚ್ಚುವವರಲ್ಲಿ ಹೆಂಗಸರೇ ಹೆಚ್ಚು. 1915ರಲ್ಲಿ ಕಟ್ಟಿದ ಈ ಗುಡಿಯ ಮೂಲ ಬಾದಾಮಿಯ ಬನಶಂಕರಿ. ದೇವಿ ಮತ್ತು ಹೆಣ್ಣಿನ ನಂಟನ್ನು ನೂರಕ್ಕೂ ಹೆಚ್ಚು ವರ್ಷ ಅಳೆದ ವಿದ್ವತ್ತು ಎಲ್ಲಮ್ಮನ ಸವದತ್ತಿಗೆ ಮತ್ತೆ ಮತ್ತೆ ಹೋಗಿದೆ. ಬೆಂಗಳೂರಿನ ದಕ್ಷಿಣಕ್ಕೆ ಬಂದದ್ದು ಕಡಿಮೆ.

ಮೊದಲು ಬರೆದವರು ಬ್ರಿಟಿಷ್ ಅಧಿಕಾರಿಗಳು, ಪಾದ್ರಿಗಳು. ದಕ್ಷಿಣದ ಗ್ರಾಮದೇವತೆಗಳು ಬಹುಪಾಲು ಹೆಣ್ಣು ಎಂಬುದನ್ನು ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ 1916ರ ತಮ್ಮ ಪುಸ್ತಕದಲ್ಲಿ ಎತ್ತಿ ಹೇಳಿದರು. ಅವರಿಗಿಂತ ಮೊದಲೇ, 1890ರ ದಶಕದಲ್ಲಿ, ಪೊಲೀಸ್ ಅಧಿಕಾರಿ ಫಾಸೆಟ್ ಬಳ್ಳಾರಿ ಸೀಮೆಯ ಬಸವಿಯರ ಬಗ್ಗೆ ಬರೆದಿದ್ದರು. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಟ್ಟರೆ ಅವಳಿಗೆ ಮಗನ ಹಕ್ಕು: ಆಸ್ತಿ ಅವಳದು, ಅಪ್ಪನ ಉತ್ತರಕ್ರಿಯೆಯೂ ಅವಳದು. ಇದೇ ಬಗೆಯ ಹೆಣ್ಣನ್ನು ಸಮಾಜ ಸುಧಾರಕರು ಕಂಡದ್ದು ಬರೀ ವೇಶ್ಯೆಯಾಗಿ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ಗುಡಿಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಆ ಆದೇಶದ ಹಿಂದಿನ ಲೆಕ್ಕಾಚಾರವನ್ನು ಇತಿಹಾಸಕಾರ್ತಿ ಜಾನಕಿ ನಾಯರ್ 1994ರಲ್ಲಿ ಬಿಡಿಸಿಟ್ಟರು. ಅಷ್ಟರಲ್ಲಿ ಎಂಟೂವರೆ ದಶಕ ಕಳೆದಿತ್ತು.

ನಡುವಿನ ಕಾಲದಲ್ಲಿ ಕನ್ನಡದ ವಿದ್ವಾಂಸರು ಬೇರು ಹುಡುಕಿದರು. ಶಂ.ಬಾ. ಜೋಶಿಯವರ ‘ಕರ್ಣಾಟ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಾದಾಮಿಯ ಮ್ಯೂಸಿಯಂನಲ್ಲಿರುವ ತಲೆಯಿಲ್ಲದ, ಕಾಲಗಲಿಸಿ ಕೂತ ಲಜ್ಜಾಗೌರಿಯ ಜಾತಿಯ ಮೂರ್ತಿಗಳನ್ನು ಪುರಾತತ್ತ್ವಜ್ಞ ಸಾಂಕಳಿಯಾ, ಮರಾಠಿಯ ರಾ.ಚಿಂ. ಢೇರೆ ಓದಿದರು. ಅದೇ ದಶಕಗಳಲ್ಲಿ ಅಮೆರಿಕದಲ್ಲಿ ಹೊಸ ಪೇಗನ್ ಚಳವಳಿ ಹಬ್ಬಿತ್ತು. ಮರ್ಲಿನ್ ಸ್ಟೋನ್ (1976), ಸ್ಟಾರ್‌ಹಾಕ್ (1979) ಬರೆದ ಪುಸ್ತಕಗಳು ದೇವಿಯನ್ನು ಮರಳಿ ಪಡೆದರೆ ಹೆಣ್ಣು ತನ್ನ ಬಲವನ್ನೂ ಮರಳಿ ಪಡೆಯುತ್ತಾಳೆಂಬ ಆಸೆ ಹುಟ್ಟಿಸಿದವು. ಆದಿಯಲ್ಲಿ ಮಾತೃಪ್ರಧಾನ ಸಮಾಜವಿತ್ತು ಎನ್ನಲು ಪುರಾವೆ ಸಾಲದೆಂದು ಸಿಂಥಿಯಾ ಎಲ್ಲರ್ 2000ದಲ್ಲಿ ವಾದಿಸಿದರು. ದೇವಿಯಿದ್ದ ಮಾತ್ರಕ್ಕೆ ಹೆಣ್ಣಿಗೆ ಬಲ ಬಾರದೆಂದು ತಿಳಿಯಲು, ಓಣಿಗೊಬ್ಬ ಅಮ್ಮ ಇರುವ ಊರಿನವರನ್ನು ಕೇಳಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ. 1898ರ ಪ್ಲೇಗಿಗೆ ಹೆದರಿ ಪ್ಲೇಗಮ್ಮನ ಗುಡಿ ಕಟ್ಟಿದ ಬೆಂಗಳೂರು ವಿಧವೆಯರ ಹಣೆಗೆ ಕುಂಕುಮ ಇಡಲಿಲ್ಲ.

ಈ ಗೋಜಲಿಗೆ ಒಂದು ಕೀಲಿ ಕೊಟ್ಟವರು ಎ.ಕೆ. ರಾಮಾನುಜನ್. ಅವರ ಪ್ರಕಾರ ದೇವಿಯ ಸ್ವಭಾವ ತೀರ್ಮಾನವಾಗುವುದು ಮದುವೆಯಲ್ಲಿ. ಗಂಡನ ಪಕ್ಕ ನಿಂತವಳು ಸೌಮ್ಯೆ. ಒಂಟಿಯಾಗಿ ಊರಗಡಿಯಲ್ಲಿ ಕೂತವಳು ರೋಗ ಕೊಡುವವಳು, ಬಲಿ ಕೇಳುವವಳು. ಮೊಲೆಯ ತಾಯಿ, ಹಲ್ಲಿನ ತಾಯಿ ಎಂಬುದು ಅವರದೇ ವಿಂಗಡಣೆ. ಚೊಕ್ಕವಾಗಿದೆ, ಆದರೆ ನಮ್ಮ ಬನಶಂಕರಿ ಇದಕ್ಕೆ ಒಗ್ಗುವುದಿಲ್ಲ. ಅವಳು ಪಾರ್ವತಿಯ ಅಂಶ, ಶಾಕಾಂಬರಿ, ರಕ್ತ ಕೇಳದವಳು. ಆದರೂ ಅವಳ ವೇಳೆ ರಾಹುವಿನದು. ಹೊಸ ಬಡಾವಣೆಗಳ ಮಧ್ಯಮವರ್ಗ ಹಲ್ಲಿನ ತಾಯಿಯ ಉಗ್ರತೆಯನ್ನು ನಿಂಬೆಹಣ್ಣಿಗೆ ಇಳಿಸಿಕೊಂಡಿದೆ ಎಂದು ನನ್ನ ಅನುಮಾನ.

ಭಕ್ತಿಯಲ್ಲಿ ಗಂಡು ಸಂತರು ಹೆಣ್ಣಾಗಲು ಹಂಬಲಿಸುತ್ತಾರೆ ಎಂದೂ ರಾಮಾನುಜನ್ 1982ರ ಒಂದು ಪ್ರಬಂಧದಲ್ಲಿ ಗುರುತಿಸಿದ್ದರು. ಆ ಹಂಬಲ ಮೈತಾಳುವುದನ್ನು ನೋಡಲು ಲಾಲ್‌ಬಾಗ್ ದಾಟಿ ತಿಗಳರಪೇಟೆಗೆ ಹೋದರೆ ಸಾಕು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯ ಪೂಜಾರಿ ಸೀರೆ, ಬಳೆ, ತಾಳಿ, ಮಲ್ಲಿಗೆ ತೊಟ್ಟು ದ್ರೌಪದಿಯಾಗಿ ಕರಗ ಹೊರುತ್ತಾರೆ. ಕತ್ತಿ ಹಿಡಿದ ವೀರಕುಮಾರರು ಸುತ್ತ ಕಾವಲು. ಸ್ಮೃತಿ ಶ್ರೀನಿವಾಸ್ ಅವರ 2001ರ ಇಂಗ್ಲಿಷ್ ಅಧ್ಯಯನ ಈ ಉತ್ಸವವನ್ನು ತೋಟಗಾರ ತಿಗಳರ ಬದುಕಿಗೆ, ಬತ್ತಿದ ಕೆರೆಗಳಿಗೆ, ನಗರದ ನೆನಪಿಗೆ ಜೋಡಿಸಿತು. ಕರಗದ ಬಗ್ಗೆ ಇಷ್ಟು ಸಮಗ್ರವಾಗಿ ಬರೆದವರು ವಿರಳ. ನನ್ನನ್ನು ಕಾಡುವುದು ಮಾತ್ರ ಇನ್ನೊಂದು ವಿವರ: ಪೂಜಾರಿ ತೊಡುವ ತಾಳಿ, ಬಳೆ ಅವರ ಹೆಂಡತಿಯವು. ಆ ದಿನಗಳಲ್ಲಿ ಆಕೆ ವಿಧವೆಯಂತಿರಬೇಕು, ಗಂಡನನ್ನು ಕಾಣಕೂಡದು. ಗಂಡು ದೇವಿಯಾಗಲು ಹೆಣ್ಣಿನ ಮುತ್ತೈದೆತನವೇ ಎರವಲು.

ದೇವರಿಗೆ ಬಿಟ್ಟ ಹೆಣ್ಣಿನ ಕತೆಯೂ ಮುಂದುವರಿಯಿತು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬಂತು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ಗಲಭೆಯಾಗಿ ನಿಷೇಧಕ್ಕೆ ಒಳಗಾಯಿತು. ಅನಂತಮೂರ್ತಿಯವರ ಪ್ರಸಿದ್ಧ ಲೇಖನ ಸೇವೆಗಿಂತ ಹೆಚ್ಚಾಗಿ ಅದನ್ನು ನೋಡುವ ವಿದ್ಯಾವಂತನ ಕಣ್ಣನ್ನೇ ಪ್ರಶ್ನಿಸಿತು. ನಿಕೊಲಾಸ್ ಬ್ರಾಡ್‌ಫರ್ಡ್ 1983ರಲ್ಲಿ ಎಲ್ಲಮ್ಮ ಹಿಡಿದು ಜೋಗಪ್ಪರಾದ ಗಂಡಸರ ಬಗ್ಗೆ ಬರೆದರು. ಲೂಸಿಂಡಾ ರ‍್ಯಾಂಬರ್ಗ್ 2014ರಲ್ಲಿ, ಎಲ್ಲಮ್ಮನ ಹೆಸರಲ್ಲಿ ಹುಡುಗಿಗೆ ಮುತ್ತು ಕಟ್ಟುವುದನ್ನು ಮದುವೆಯೆಂದೂ ಬಂಧುತ್ವವೆಂದೂ ಓದಿ, ಕಾನೂನು ಅದನ್ನು ಧರ್ಮವೇ ಅಲ್ಲವೆನ್ನುವುದನ್ನು ಕೆದಕಿದರು. ಅವರ ವಾದ ಹರಿತ. ಆದರೆ ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಬಹುತೇಕ ದಲಿತ ಕೇರಿಯವರೇ ಏಕೆ ಎಂಬುದು ಬಂಧುತ್ವದ ಭಾಷೆಯಲ್ಲಿ ತೆಳುವಾಗಿಬಿಡುವ ಅಪಾಯವಿದೆ.

ಜಯನಗರದಲ್ಲೂ ಒಂದು ಬೀಜ ಬಿದ್ದಿತ್ತು. ಎನ್‌ಎಂಕೆಆರ್‌ವಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಸಿ.ಎನ್. ಮಂಗಳಾ ಅಲ್ಲಿ ‘ಶಾಶ್ವತಿ’ ಎಂಬ ಮಹಿಳಾ ಅಧ್ಯಯನ ಕೇಂದ್ರವನ್ನೂ ವಸ್ತುಸಂಗ್ರಹಾಲಯವನ್ನೂ ಕಟ್ಟಿದರು. ದೇವಿಯ ಬದಲು ಹೆಣ್ಣಿನ ಕೈಯಲ್ಲಿದ್ದ ವಸ್ತುವನ್ನೇ ಪುರಾವೆಯಾಗಿ ಎತ್ತಿಡುವುದು ಆಗ ಸಣ್ಣ ಮಾತಾಗಿರಲಿಲ್ಲ.

ಈಚೆಗೆ ಬರೆಯುವವರೇ ಬದಲಾಗಿದ್ದಾರೆ. ಬೆಂಗಳೂರಿನ ‘ಸಂಗಮ’ ಸಂಸ್ಥೆಯಲ್ಲಿ ದುಡಿದ ಟ್ರಾನ್ಸ್ ಮಹಿಳೆ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಕನ್ನಡದಲ್ಲಿ ‘ಬದುಕು ಬಯಲು’ ಆಗಿ, ನಾಟಕವೂ ಆಯಿತು. ಎಲ್ಲಮ್ಮನ ಜೋಗತಿಯಾದ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪಡೆದರು. ದೇವಿ ತಮ್ಮನ್ನು ಹಿಡಿದದ್ದನ್ನು, ಮನೆ ತಮ್ಮನ್ನು ಬಿಟ್ಟದ್ದನ್ನು ಅವರೇ ಹೇಳುತ್ತಿದ್ದಾರೆ. ಕರಗ ಹೊತ್ತವರ ಮಾತೂ ಪ್ರತಿ ಚೈತ್ರದಲ್ಲಿ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ತಾಳಿ ಬಿಚ್ಚಿಕೊಟ್ಟ ಆ ಮನೆಯಾಕೆಯ ಮಾತನ್ನು ಯಾರಾದರೂ ಬರೆದುಕೊಳ್ಳಬೇಕು.